ನಮ್ಮನ್ನು ಏನೆಂದರು?

"ಗುರುಗಳೇ, ನಾನು ಒಂದು ಸುಳ್ಳನ್ನೂ ಬರೆದವನಲ್ಲ. ಆದರೂ ತಲೆ ಎತ್ತಿ ನಡೆಯಲು ನಾಚಿಕೆಯಾಗುತ್ತದೆ. ನನ್ನದು ತಪ್ಪೇ?" ಎಂದು ಷೆನ್ ಕೇಳಿದ.

ಷೆನ್ ಚೀನಾದ ದೊಡ್ಡ ಪಟ್ಟಣವೊಂದರ ಅಂತರ್ಜಾಲ ಸುದ್ದಿ ಕಚೇರಿಯಲ್ಲಿದ್ದವನು. ಅವನು ಸೇರಿದ ಕಾಲಕ್ಕೆ ಹೊರದೇಶಗಳಲ್ಲಿ ಕಚೇರಿಯ ವರದಿಗಾರರಿದ್ದರು. ಖರ್ಚು ಹೆಚ್ಚಾಯಿತೆಂದು ಅವರನ್ನೆಲ್ಲ ಒಬ್ಬೊಬ್ಬರಾಗಿ ವಾಪಸು ಕರೆಸಿದರು. ಆಮೇಲೆ ಷೆನ್ ಮತ್ತು ಅವನ ಜೊತೆಯವರು ಕುರ್ಚಿ ಬಿಟ್ಟೇಳದೆ ಪರದೇಶದ ಪತ್ರಿಕೆಗಳನ್ನು ಅನುವಾದ ಮಾಡಿದರು. ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆಂದು ಗೋಡೆಯ ಮೇಲಿನ ಪರದೆ ಹೇಳುತ್ತಿತ್ತು. ತಲೆಬರಹದಲ್ಲಿ 'ನಮ್ಮ ದೇಶ' ಎಂಬ ಮಾತಿದ್ದರೆ ಅಂಕಿ ಏರುತ್ತಿತ್ತು.

ಕಡಲಾಚೆಯ ನಾಡೊಂದರಲ್ಲಿ ಭೂಕಂಪವಾಯಿತು. ಅಲ್ಲಿಯ ಪತ್ರಿಕೆಯ ಉದ್ದನೆಯ ವರದಿಯಿಂದ ಷೆನ್ ಒಂದೇ ಸಾಲು ಎತ್ತಿಕೊಂಡ. ಮನೆ ಕಳೆದುಕೊಂಡ ಮುದುಕಿಯೊಬ್ಬಳು, ಚೀನಾದವರು ಕೊಟ್ಟ ಗುಡಾರ ಸೋರುತ್ತದೆ ಎಂದು ಗೊಣಗಿದ್ದಳು. 'ನಮ್ಮ ದೇಶದ ನೆರವಿಗೂ ಕೊಂಕು' ಎಂದು ಷೆನ್ ತಲೆಬರಹ ಕೊಟ್ಟ. ಸಂಜೆಯೊಳಗೆ ಲಕ್ಷಾಂತರ ಜನ ಓದಿದರು. 'ಸಾಯಲಿ ಬಿಡಿ' ಎಂದು ಕೆಳಗೆ ಬರೆದರು. ಸಂಪಾದಕರು ಷೆನ್‌ನ ಬೆನ್ನು ತಟ್ಟಿದರು. ಆ ಬೆನ್ನು ಹೊತ್ತುಕೊಂಡು ಅವನು ಊರಲ್ಲಿ ಇರಲಾರದೆ, ಕೆಲಸ ಬಿಟ್ಟು, ಬೆಟ್ಟದ ಮೇಲಿನ ಈ ಬೌದ್ಧ ವಿಹಾರಕ್ಕೆ ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ನದಿ ದಂಡೆಯ ಊರೊಂದರಲ್ಲಿ ಜಾಗಟೆ ಬಾರಿಸಿ ಸುದ್ದಿ ಸಾರುವವನೊಬ್ಬನಿದ್ದ. ಆಚೆ ದಡದ ಊರಿಗೆ ತಾನೇ ಹೋಗಿ, ಅಲ್ಲಿಯವರ ಜಗಲಿಯ ಮೇಲೆ ಕೂತು, ಅವರ ಅನ್ನ ಉಂಡು ಸುದ್ದಿ ತರುತ್ತಿದ್ದ. ಮಗಳನ್ನೂ ಅದೇ ಊರಿಗೆ ಕೊಟ್ಟಿದ್ದ. ಬರುಬರುತ್ತ ಓಡಾಟ ಬೇಸರವಾಯಿತು. ದಡದಲ್ಲೇ ಕೂತು, ಬಂದ ದೋಣಿಯವನನ್ನು 'ಅಲ್ಲಿ ಏನು ಸಮಾಚಾರ?' ಎಂದು ಕೇಳತೊಡಗಿದ. ದೋಣಿಯವನು ಅಲ್ಲಿಯ ಬೆಳೆ, ಮದುವೆ, ಸಾವು ಎಲ್ಲ ಹೇಳುತ್ತಿದ್ದ. ಅದನ್ನು ಸಾರಿದರೆ ಜನ ಆಕಳಿಸುತ್ತಿದ್ದರು.

ಒಂದು ದಿನ ಮಾತಿಗೆ ಮಾತು ಬಂದು ದೋಣಿಯವನು, ಈ ಊರಿನವರು ಉಪ್ಪಿಗೆ ಮರಳು ಬೆರೆಸುತ್ತಾರೆಂದು ಅಲ್ಲೊಬ್ಬ ಆಡಿಕೊಂಡ ಎಂದ. ಅವತ್ತು ಜಾಗಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸಾರುವವನು ಜಾಣ. ಅಂದಿನಿಂದ ಪ್ರಶ್ನೆಯನ್ನೇ ಬದಲಿಸಿದ. 'ಅಲ್ಲಿ ಏನು ಸಮಾಚಾರ?' ಎನ್ನುವುದನ್ನು ಬಿಟ್ಟ. 'ನಮ್ಮನ್ನು ಏನೆಂದರು?' ಎಂದಷ್ಟೇ ಕೇಳಿದ. ಹೊಗಳಿದ್ದರೆ ಹೊಗಳಿದ್ದನ್ನು ಸಾರಿದ, ಬೈದಿದ್ದರೆ ಬೈದದ್ದನ್ನು. ಎರಡಕ್ಕೂ ಜನ ಸೇರಿದರು. ಬೈದದ್ದಕ್ಕೆ ತುಸು ಹೆಚ್ಚು.

ಒಂದು ವರ್ಷ ಆಚೆ ಊರಿಗೆ ಕೆಟ್ಟ ಜ್ವರ ಬಂತು. ಅದರ ಮದ್ದಿನ ಬೇರು ಬೆಳೆಯುವುದು ಈಚೆ ದಡದಲ್ಲಿ. ದೋಣಿಯವನು ಏದುಸಿರು ಬಿಡುತ್ತ ಬಂದ. ಅವನು ಬಾಯಿ ತೆರೆಯುವ ಮೊದಲೇ ಸಾರುವವನು ಕೇಳಿದ, 'ನಮ್ಮನ್ನು ಏನೆಂದರು?'

'ಬೇರು ಬಚ್ಚಿಟ್ಟುಕೊಂಡ ಕಲ್ಲೆದೆಯವರು ಎಂದರು.'

ದೋಣಿಯವನ ಬಾಯಲ್ಲಿ ಇನ್ನೊಂದು ಮಾತಿತ್ತು. ಅಷ್ಟರಲ್ಲಿ ಜಾಗಟೆ ಬಾರಿಸಿಯಾಗಿತ್ತು. ಊರಿನವರ ಮೈ ಉರಿಯಿತು. ಬೇರು ಕೊಡುವುದಿಲ್ಲವೆಂದು ಪಟ್ಟು ಹಿಡಿದರು. ದೋಣಿಯನ್ನು ದಡಕ್ಕೆಳೆದು ಕಟ್ಟಿಹಾಕಿದರು. ಹಗ್ಗ ಬಿಗಿದವರಲ್ಲಿ ಸಾರುವವನೇ ಮುಂದಿದ್ದ.

ಜ್ವರ ಇಳಿದ ಮೇಲೆ ದೋಣಿ ಹೋಗಿ ಬಂತು. ಅಳಿಯ ಇಳಿದ, ಒಬ್ಬನೇ. ಸಾರುವವನು ದೋಣಿಯವನ ಮೇಲೆ ಹರಿಹಾಯ್ದ. 'ನನ್ನ ಮಗಳು ಜ್ವರದಲ್ಲಿ ಮಲಗಿದ್ದಾಳೆ ಎಂದು ಅವತ್ತೇ ಒಂದು ಮಾತು ಹೇಳಬಾರದಿತ್ತೇ?'

'ನೀವು ಅದನ್ನು ಕೇಳಲಿಲ್ಲವಲ್ಲ, ಯಜಮಾನರೇ.'

ಸಾರುವವನು ಅಳಿಯನ ಮುಖ ನೋಡಲಾರದೆ ನೆಲ ನೋಡುತ್ತ ನಿಂತ. ಅವನೂ ಒಂದು ಸುಳ್ಳನ್ನೂ ಸಾರಿದವನಲ್ಲ.

ಗುರುಗಳು ಕತೆ ನಿಲ್ಲಿಸಿದರು. ಷೆನ್‌ನ ಕಿವಿಯವರೆಗೂ ಬಿಸಿಯೇರಿತು. ನಾಚಿಕೆ ಹೋಗಲೆಂದು ಬಂದವನಿಗೆ ಅದು ಇಮ್ಮಡಿಯಾಗಿತ್ತು.

"ಅರ್ಥವಾಯಿತು ಗುರುಗಳೇ. ಈಗ ಹೇಳಿ, ನನ್ನ ಪಾಪ ಕಳೆಯುವುದು ಹೇಗೆ? ನನ್ನ ಮನಸ್ಸಿಗೆ ನೆಮ್ಮದಿ ಸಿಗುವುದು ಯಾವಾಗ?"

"ಅದಿರಲಿ ಷೆನ್," ಎಂದರು ಗುರುಗಳು, "ಗುಡಾರ ಸೋರುತ್ತದೆ ಎಂದಳಲ್ಲ ಆ ಮುದುಕಿ, ಅವಳು ಏನಾದಳು?"