ಪರದೆಯ ಮುಂದಿನ ದೀಪಗಳು

“ಗುರುಗಳೇ, ಅವ್ವನ ಮುಖ ದಿನದಿನಕ್ಕೆ ಮಸುಕಾಗುತ್ತಿದೆ. ಉಳಿಸಿಕೊಳ್ಳಲು ಏನು ಮಾಡಲಿ?” ಎಂದು ನೀಲಾಂಬಿಕೆ ಕೇಳಿದಳು.

ತಾಯಿ ತೀರಿಕೊಂಡಂದಿನಿಂದ ಅವಳು ಮನೆಯನ್ನು ಒಂದು ಗಳಿಗೆಯೂ ಖಾಲಿ ಬಿಟ್ಟಿರಲಿಲ್ಲ. ನೆಂಟರು, ಭಜನೆ, ಊಟೋಪಚಾರ ನಡೆದೇ ಇದ್ದವು. ಬಂದವರೆದುರು ತಾಯಿಯನ್ನು ಹೊಗಳುತ್ತ, ಅವಳು ಆಡದ ಮಾತನ್ನೂ ಆಡಿದಳೆಂದು ಹೇಳತೊಡಗಿದ್ದಳು. ಗುರುಗಳಿಗೆ ಇದು ಗೊತ್ತಿತ್ತು. ಅವರು ಹೇಳಿದರು:

ಒಬ್ಬ ತೊಗಲುಗೊಂಬೆಯಾಟದವನಿದ್ದ. ತೊಗಲನ್ನು ಹದ ಮಾಡಿ ಕತ್ತರಿಸುವುದು ಅವನ ಕೆಲಸ. ಬಣ್ಣ ಹಾಕುವವಳು ಮಗಳು. ಆಟದ ಹೊತ್ತಿಗೆ ಪರದೆಯ ಹಿಂದೆ ಒಂದೇ ದೀಪ; ಅದರ ಬೆಳಕು ತೊಗಲನ್ನು ದಾಟಿ ಬಂದರೇ ಬಣ್ಣ ಕಾಣುವುದು. ಸುತ್ತ ಕರಿಕಂಬಳಿ ಕಟ್ಟಿ, ಜನ ಕೂರುವ ಕಡೆ ಕತ್ತಲು ಮಾಡಿ, ಮುಂದೆ ನಿಂತು ಹೇಗೆ ಕಾಣುತ್ತದೆಂದು ನೋಡಿ ಬರುವವಳೂ ಅವಳೇ. ಆಮೇಲೆ ಅಪ್ಪನ ಪಕ್ಕ ಕುಳಿತು ಒಂದೊಂದೇ ಗೊಂಬೆ ಎತ್ತಿ ಕೊಡುತ್ತಿದ್ದಳು.

ಒಂದು ಚಳಿಗಾಲ ಜ್ವರ ಬಂದು ಅವಳು ಹೋಗಿಬಿಟ್ಟಳು. ಅಂದಿನಿಂದ ಅವನಿಗೆ ಕತ್ತಲೆಂದರೆ ಆಗದು. ಗೊಂಬೆಗೆಂದು ಕೈ ಚಾಚಿದರೆ ಕೊಡುವ ಕೈ ಇರಲಿಲ್ಲ. ಕಂಬಳಿ ಬಿಚ್ಚಿಸಿದ. ಪರದೆಯ ಮುಂದೆಯೂ ಸಾಲಾಗಿ ದೀಪ ಇಡಿಸಿದ. ಬೆಳಕು ಹೆಚ್ಚಿದಷ್ಟೂ ಮಗಳ ಕೈಕೆಲಸ ಚೆನ್ನಾಗಿ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಮುಂದೆ ಕುಳಿತ ಮುದುಕನೊಬ್ಬ, “ಏನಯ್ಯಾ, ನಿನ್ನ ಸೀತಮ್ಮನಿಗೆ ಕಾಮಾಲೆಯೇ? ಕಾಡಿಗೆ ಕಳಿಸುವ ಮೊದಲು ಪಂಡಿತರಿಗೆ ತೋರಿಸು” ಎಂದ. ಜನ ನಕ್ಕರು.

ಪರದೆಯ ಹಿಂದಿದ್ದವನು ಇದನ್ನು ಕೇಳಿಸಿಕೊಂಡ. ಮಗಳು ಹಾಕಿದ ಬಣ್ಣ ಮಾಸುತ್ತಿದೆ ಎಂದುಕೊಂಡ. ದೀಪ ಇನ್ನಷ್ಟು ಹೆಚ್ಚಿಸಿದ. ಸೀತೆ ಇನ್ನಷ್ಟು ಬಿಳಿಚಿದಳೆಂದು ಜನ ಹೇಳಿದರು. ಕಡೆಗೆ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು, ಇದ್ದ ಬಣ್ಣವನ್ನೆಲ್ಲ ಕೆರೆದು, ಕೆಂಪು ಹಸಿರುಗಳನ್ನು ದಪ್ಪಗೆ ಬಳಿದ. ಮಗಳೇ ಬಣ್ಣ ಹಾಕಿದ್ದ ಮಾಯಾಜಿಂಕೆಯ ಗೊಂಬೆ ಅಂಗೈಯಷ್ಟು ಚಿಕ್ಕದು. ಅದನ್ನು ನಾಳೆ ನೋಡೋಣವೆಂದು ಬಿಟ್ಟ.

ಅಂದಿನ ಆಟದಲ್ಲಿ ಸೀತೆ ಜಿಂಕೆಯನ್ನು ಕಾಣುವ ಹೊತ್ತಿಗೆ ಗಾಳಿ ಬೀಸಿತು. ಮುಂದಿನ ದೀಪಗಳೆಲ್ಲ ಆರಿದವು. ಪರದೆಯ ಮರೆಯಲ್ಲಿದ್ದ ಹಿಂದಿನದೊಂದು ಉಳಿಯಿತು. ಗೊಂಬೆಗಳನ್ನು ಪರದೆಗೆ ಮುಳ್ಳಿನಿಂದ ಚುಚ್ಚಿ ನಿಲ್ಲಿಸಿ, ದೀಪ ಹೊತ್ತಿಸಲು ಅವನು ಮುಂದೆ ಬಂದ. ತಿರುಗಿ ನೋಡಿದ.

ಜಿಂಕೆ, ಮಗಳು ಬಣ್ಣ ಹಾಕಿದ ದಿನ ಹೇಗಿತ್ತೋ ಹಾಗೆಯೇ ಹೊನ್ನಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೀತೆ ಕಪ್ಪು ಮುದ್ದೆಯಾಗಿ ನಿಂತಿದ್ದಳು. ಅವನು ಬಳಿದ ಬಣ್ಣವನ್ನು ದಾಟಿ ಬೆಳಕು ಬರಲಿಲ್ಲ.

ಅವನು ದೀಪ ಹೊತ್ತಿಸಲಿಲ್ಲ. ಅಲ್ಲೇ, ಜನರ ನಡುವೆ, ಕತ್ತಲಲ್ಲಿ ಕುಳಿತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

“ಕೆರೆದುಹೋದ ಬಣ್ಣವನ್ನು ಮತ್ತೆ ತರಲಾಗಲಿಲ್ಲವೇ?” ಎಂದು ನೀಲಾಂಬಿಕೆ ಮೆಲ್ಲಗೆ ಕೇಳಿದಳು.

“ನೀನಿನ್ನೂ ಕೈ ಹಚ್ಚದ ಜಿಂಕೆಯೊಂದಾದರೂ ನಿನ್ನೊಳಗಿನ ಅವ್ವನ ನೆನಪಿನಲ್ಲಿ ಉಳಿದಿದೆಯೇ, ಮಗಳೇ?” ಎಂದರು ಗುರುಗಳು.

ಅಂದು ಸಂಜೆ ನೀಲಾಂಬಿಕೆ ನೆಂಟರನ್ನೆಲ್ಲ ಕಳಿಸಿ, ಖಾಲಿ ಮನೆಯಲ್ಲಿ ಒಬ್ಬಳೇ ಕುಳಿತಳು.