ಟಿವಿಯೊಳಗಿನ ಹಲ್ಲಿ

ಪಂಕಜಮ್ಮನ ಹಳೇ ಡಬ್ಬ ಟಿವಿಯೊಳಗೆ ಒಂದು ಹಲ್ಲಿ ಬೆಚ್ಚಗೆ ಸಂಸಾರ ಹೂಡಿತ್ತು. ಒಂದು ಕಾಲಕ್ಕೆ ಆಯುಧಪೂಜೆಯ ದಿನ ಕುಂಕುಮ ಇಡಿಸಿಕೊಳ್ಳುತ್ತಿದ್ದ ಟಿವಿ ಈಗ ತಲೆಗೆ ಬಡಿದರೆ ಮಾತ್ರ ಚಿತ್ರ ತೋರಿಸುತ್ತಿತ್ತು.

ಒಂದು ಸಂಜೆ ಧಾರಾವಾಹಿಯ ನಡುವೆ ಪರದೆ ಕಪ್ಪಾಯಿತು. ಪಂಕಜಮ್ಮ ಬಡಿದು ಬಡಿದು ಕೈ ನೋಯಿಸಿಕೊಂಡು, "ಈ ಪೀಡೇನ ಗುಜರಿಗೆ ಹಾಕೋದೇ ಸರಿ" ಎಂದರು. ಒಳಗಿನಿಂದ ಹಲ್ಲಿ ಲೊಚಗುಟ್ಟಿತು.

"ಕೇಳಿದ್ರಾ? ಹಲ್ಲಿ ನುಡೀತು, ಸತ್ಯ!" ಎಂದು ಅವರು ಗಂಡನಿಗೆ ಹೇಳಿ, "ಕೃಷ್ಣ ಕೃಷ್ಣ" ಎನ್ನುತ್ತಾ ನೆಲ ತಟ್ಟಿದರು.

ಟಿವಿ ಕೇಳಿತು: "ಎಲೈ ಹಲ್ಲಿಯೇ, ನನ್ನ ಹೊಟ್ಟೆಯಲ್ಲೇ ಇದ್ದುಕೊಂಡು ನನ್ನ ವಿರುದ್ಧವೇ ಸಾಕ್ಷಿ ಹೇಳಿದೆಯಾ?"

"ನಾನೇನೂ ಯೋಚಿಸಿ ಹೇಳಲಿಲ್ಲ. ಯಾರು ಏನಂದರೂ ಲೊಚಗುಟ್ಟುವುದು ನಮ್ಮ ಮನೆತನದ ರೂಢಿ. ಅದಕ್ಕೇ ಜನ ನಮ್ಮ ಮಾತಿಗೆ ಬೆಲೆ ಕೊಡುತ್ತಾರೆ" ಎಂದಿತು ಹಲ್ಲಿ.

ಮರುದಿನ ಗುಜರಿಯವನು ಟಿವಿಯನ್ನು ಹೊತ್ತೊಯ್ದ. ಹಲ್ಲಿ ಗೋಡೆಗೆ ಹಾರಿಕೊಂಡಿತು. ಆಮೇಲೆ ಬಂದ ಹೊಸ ಟಿವಿ ಎಷ್ಟು ತೆಳ್ಳಗಿತ್ತೆಂದರೆ ಅದರೊಳಗೆ ಸೊಳ್ಳೆಗೂ ಜಾಗವಿರಲಿಲ್ಲ. ತಣ್ಣನೆಯ ಗೋಡೆಯ ಮೇಲೆ ಕೂತಿದ್ದ ಹಲ್ಲಿಯನ್ನು ಕಂಡ ಪಂಕಜಮ್ಮ ಪೊರಕೆ ಎತ್ತಿಕೊಂಡು, "ಇದನ್ನೂ ಆಚೆಗೆ ಓಡಿಸೋದೇ ಸರಿ" ಎಂದರು.

ಹಲ್ಲಿ ಲೊಚಗುಟ್ಟಿತು.