ತಿರುವುಮುರುವಾದ ಹರನಾಮ

ಪೂಜ್ಯ ಹೊಂಗೆಯಜ್ಜನವರ ಮಠವೆಂದರೆ ಒಂದು ಹೊಂಗೆಮರ, ಅದರ ಬುಡದಲ್ಲೊಂದು ಕಟ್ಟೆ, ಅಷ್ಟೇ. ಬಂದ ಭಕ್ತರಿಗೆ ಅವರು ಕರುಣಿಸುತ್ತಿದ್ದುದು ಕೂಡ ಮಣ್ಣೇ: ‘ಹರ’ ಎಂಬ ಎರಡಕ್ಷರ ಮೂಡಿದ, ಆವಿಗೆಯಲ್ಲಿ ಸುಟ್ಟ ಪುಟ್ಟ ಪದಕ. ಅದನ್ನು ಮಾಡಿಕೊಡುವ ಸೇವೆ ಕುಂಬಾರರ ಸಿದ್ದವ್ವನ ಮನೆಯದು. ಮಣ್ಣು ಸೋಸಿ, ನಾದಿ, ಅಚ್ಚಿಗೆ ಬೂದಿ ಸವರಿ ಒತ್ತುವವಳು ಸಿದ್ದವ್ವ. ಬಳಪದ ಕಲ್ಲಿನಲ್ಲಿ ಅಚ್ಚು ಕೊರೆಯುವವನು ಗಂಡ ಈರಪ್ಪ.

ಈರಪ್ಪ ತೀರಿಕೊಂಡ ವರ್ಷವೇ ಅಚ್ಚೂ ಒಡೆಯಿತು. ಸಿದ್ದವ್ವ ಕೈಕಟ್ಟಿ ಕೂರುವ ಹೆಂಗಸಲ್ಲ. ಅಕ್ಷರ ಬಾರದಿದ್ದರೇನು, ಕಟ್ಟೆಯ ಮೇಲೆ ಬರೆದಿದ್ದ ‘ಹರ’ವನ್ನು ಕಣ್ತುಂಬ ನೋಡಿಕೊಂಡು ಬಂದಳು, ಕಂಡದ್ದನ್ನು ಕಂಡ ಹಾಗೆಯೇ ಹೊಸ ಕಲ್ಲಿನಲ್ಲಿ ಕೊರೆದಳು. ಎಡವಟ್ಟಾದದ್ದು ಅಲ್ಲೇ. ಅಚ್ಚಿನಲ್ಲಿ ನೇರವಾಗಿರುವುದು ಮಣ್ಣಿನಲ್ಲಿ ತಿರುವುಮುರುವಾಗುತ್ತದೆಂದು ಈರಪ್ಪ ಬೇಕೆಂದೇ ಉಲ್ಟಾ ಕೊರೆಯುತ್ತಿದ್ದ. ಪಾಪ, ಓದು ಬಾರದವಳಿಗೆ ಯಾವ ನೇರ, ಯಾವ ಉಲ್ಟಾ! ಬುಟ್ಟಿ ತುಂಬ ಪದಕ ಸುಟ್ಟು, ಪೂಜೆಯ ದಿನ ಸಂಭ್ರಮದಿಂದ ಹೊತ್ತು ತಂದಳು.

ಮಠದ ಕಾರಭಾರಿ ಮಡಿವಾಳಯ್ಯನವರು ಒಂದನ್ನೆತ್ತಿ ನೋಡಿದವರೇ ಹಣೆ ಚಚ್ಚಿಕೊಂಡರು.

“ದೇವರ ಹೆಸರನ್ನ ಹಿಂದ್ ಮುಂದ್ ಮಾಡಿ ಇಟ್ಟೀಯಲ್ಲ ಸಿದ್ದವ್ವಾ! ಇದನ್ನ ಯಾರು ಕೊಳ್ಳಾಗ ಹಾಕ್ಕೋತಾರ? ಇನ್ನ ಮ್ಯಾಲೆ ಪ್ಯಾಟಿಯಿಂದ ತರಿಸ್ತೀವಿ. ನೀ ಬಿಟ್ಟುಬಿಡು.”

ಗಂಡ ಹೋದ ಮೇಲೆ ಸಿದ್ದವ್ವನ ಬದುಕಿಗೆ ಆಸರೆಯಾಗಿದ್ದುದು ಆ ಸೇವೆಯೊಂದೇ. ಅದೂ ಕೈತಪ್ಪಿದರೆ ತಾನು ಯಾರಿಗೆ ಬೇಕು? ಬುಟ್ಟಿಯನ್ನು ಹಳ್ಳಕ್ಕೆ ಸುರಿದುಬಿಡೋಣವೆಂದು ತಲೆಯ ಮೇಲಿಟ್ಟುಕೊಂಡಳು.

“ಇಲ್ಲೆ ತಾರವ್ವಾ,” ಎಂದರು ಅಜ್ಜನವರು.

ಒಂದು ಪದಕವನ್ನು ಕೈಗೆತ್ತಿಕೊಂಡರು. ಹೊದ್ದ ಶಾಲು ಸರಿಸಿ, ಅದನ್ನು ಎದೆಗೆ ಗಟ್ಟಿಯಾಗಿ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದಾಗ ಆ ಪುಣ್ಯಶರೀರದ ಮೇಲೆ ಕೆಂಪಗೆ ಮೂಡಿತ್ತು, ನೇರವಾಗಿ, ಸ್ಪಷ್ಟವಾಗಿ: ‘ಹರ’.

“ಮಡಿವಾಳಯ್ಯಾ, ಮಂದಿ ಓದ್ಲಿ ಅಂತ ಹಾಕ್ಕೋತೀಯೋ, ನಿನಗ ಹತ್ಲಿ ಅಂತ ಹಾಕ್ಕೋತೀಯೋ?”

ಅಜ್ಜನವರು ಸಿದ್ದವ್ವನತ್ತ ತಿರುಗಿ, ತಮ್ಮ ಎದೆಯ ಮೇಲೆ ತಾವೇ ಬೆರಳಿಟ್ಟು ತೋರಿಸಿದರು. “ಇದು ಹ. ಇದು ರ.”

ಅವಳು ಬಾಯೊಳಗೇ ಹೇಳಿಕೊಂಡಳು. ಮತ್ತೊಮ್ಮೆ ಹೇಳಿಕೊಂಡಳು. ಇಷ್ಟು ಕಾಲ ಒತ್ತಿ ಒತ್ತಿ ಕೊಟ್ಟದ್ದು ಇದನ್ನೇ ಎಂದು ತಿಳಿದು ಅವಳ ಕಣ್ಣು ತುಂಬಿ ಬಂದವು.

ಆಮೇಲೆ ನೋಡಬೇಕಿತ್ತು ಆ ಗದ್ದಲ! ನನಗೊಂದು, ನನಗೊಂದು ಎಂದು ಭಕ್ತರು ಬುಟ್ಟಿಗೆ ಮುಗಿಬಿದ್ದರು. ಒಬ್ಬರು ಅಂಗೈಗೆ, ಒಬ್ಬರು ತೋಳಿಗೆ, ಮುದುಕಿಯೊಬ್ಬಳು ಕೆನ್ನೆಗೇ ಒತ್ತಿಕೊಂಡಳು. ಎಲ್ಲರಿಗಿಂತ ಮುಂದೆ ನುಗ್ಗಿದವರು ನಮ್ಮ ಕಾರಭಾರಿಗಳೇ. ಅಂಗಿಯ ಗುಂಡಿ ಬಿಚ್ಚಿ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಒತ್ತಿಕೊಂಡರು. ಬಗ್ಗಿ ನೋಡಿದರೆ ತಮ್ಮ ಎದೆ ತಮಗೇ ಸರಿಯಾಗಿ ಕಾಣದು. ಕಡೆಗೆ ಪಕ್ಕದಲ್ಲಿದ್ದವಳನ್ನೇ ಕೇಳಿದರು, ಸಣ್ಣ ದನಿಯಲ್ಲಿ:

“ಮೂಡೇತೇನು, ಒಂದಿಷ್ಟು ಓದಿ ಹೇಳ ಸಿದ್ದವ್ವಾ.”

ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಓದಿದಳು, ಜನ್ಮದಲ್ಲಿ ಮೊದಲ ಸಲ: “ಹ... ರ. ಹರ ಅಂತ ಐತ್ರೀ ಯಪ್ಪಾ!”